ಬರ್ ಸೆಲ್ಸ್ ತ್ರೀ ಪ್ಲಸ್ ಅಂತ ಬರೆದ ರಾತ್ರಿ

ನೈಟ್ ಡ್ಯೂಟಿಯಲ್ಲಿ ಬರೆದ ರಿಪೋರ್ಟ್‌ಗಳು ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತವೆ. ಒಂದು ಮಾತ್ರ ಮರೆತಿಲ್ಲ. ಇವತ್ತಿಗೂ ಯಾರಾದರೂ 'ಬರ್ ಸೆಲ್ಸ್' (ಮುಳ್ಳೆದ್ದ ಕೆಂಪು ರಕ್ತಕಣ) ಅಂದರೆ ನನ್ನ ಕಿವಿ ಬಿಸಿಯಾಗುತ್ತದೆ.

ರಾತ್ರಿ ಒಂದೂಕಾಲು. ವಾರ್ಡಿನಿಂದ ಅರ್ಜೆಂಟ್ ಸಿಬಿಸಿ (ರಕ್ತಕಣಗಳ ಎಣಿಕೆ) ಬಂತು. ಪ್ರೋಬ್‌ಗೆ ರಕ್ತ ಸಿಗಲಿಲ್ಲ ಅಂತ ಮೆಷಿನ್ ಒಂದು ಸಲ ಕಿರುಚಿತು. ಟ್ಯೂಬ್ ಓರೆ ಮಾಡಿ ಕೈಯಲ್ಲೇ ಹಿಡಿದು ಕೊಟ್ಟೆ, ಎಳೆದುಕೊಂಡಿತು. ಈ ಓರೆ ಮಾಡಿದ ವಿಷಯ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಹಿಮೋಗ್ಲೋಬಿನ್ 13.6, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು, ಪರ್ಸೆಂಟ್ ಲೆಕ್ಕ) 41, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 88. ಎಲ್ಲ ಸರಿಯಾಗೇ ಇತ್ತು. ಪ್ಲೇಟ್‌ಲೆಟ್ ಪಕ್ಕದಲ್ಲಿ ಮಾತ್ರ ಒಂದು ಫ್ಲ್ಯಾಗ್. ಫ್ಲ್ಯಾಗ್ ಬಂದರೆ ಸ್ಮಿಯರ್ (ಸ್ಲೈಡ್ ಮೇಲೆ ತೆಳುವಾಗಿ ಎಳೆದ ರಕ್ತ) ನೋಡದೆ ರಿಪೋರ್ಟ್ ರಿಲೀಸ್ ಮಾಡುವ ಹಾಗಿಲ್ಲ. ಸ್ಮಿಯರ್ ಎಳೆದೆ, ಲೀಶ್ಮನ್ ಬಣ್ಣ ಹಾಕಿದೆ, ಒಣಗಿದ ಮೇಲೆ ಆಯಿಲ್ ಇಮ್ಮರ್ಶನ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ.

ಪ್ಲೇಟ್‌ಲೆಟ್ ಎಣಿಸುವುದೇ ಮರೆತುಹೋಯಿತು. ಕೆಂಪು ಕಣಗಳೆಲ್ಲ ಮುಳ್ಳು ಮುಳ್ಳು. ನಡುವೆ ಬಿಳಿಚಿಕೊಂಡ ದುಂಡನೆಯ ಬಿಲ್ಲೆಗಳು ಇರಬೇಕಾದ ಕಡೆ ಸೋಡಾ ಬಾಟಲಿಯ ಮುಚ್ಚಳ ಚೆಲ್ಲಿದ ಹಾಗಿತ್ತು. ಅಂಚಿನ ಸುತ್ತ ಒಂದೇ ಅಳತೆಯ, ಒಂದೇ ಅಂತರದ ಮೊಂಡು ಮುಳ್ಳುಗಳು. ಒಂದು ಕಣದಲ್ಲಿ ಇಪ್ಪತ್ತರ ತನಕ ಎಣಿಸಿದೆ. ಬೇರೆ ಫೀಲ್ಡ್‌ಗೆ ಹೋದೆ, ಅಲ್ಲೂ ಅದೇ. ಬಾಲದ ಕಡೆ ಹೋದೆ, ಅಲ್ಲೂ ಅದೇ.

ನಿಜ ಹೇಳಬೇಕೆಂದರೆ ಖುಷಿಯಾಯಿತು. ಪುಸ್ತಕದ ಚಿತ್ರ ಕಣ್ಣೆದುರಿಗೇ ಬಂದ ಹಾಗೆ. ಬರ್ ಸೆಲ್ಸ್ ಅಂದರೆ ಯುರೀಮಿಯ (ರಕ್ತದಲ್ಲಿ ಯೂರಿಯಾ ಸೇರಿಕೊಳ್ಳುವುದು), ಯುರೀಮಿಯ ಅಂದರೆ ಕಿಡ್ನಿ. ಪರೀಕ್ಷೆಗೆ ಉರು ಹೊಡೆದದ್ದು ಹಾಗೇ ನಾಲಿಗೆ ತುದಿಗೆ ಬಂತು. 'ಬರ್ ಸೆಲ್ಸ್ 3+, ರೀನಲ್ ಫಂಕ್ಷನ್ ಜೊತೆ ಹೋಲಿಸಿ ನೋಡಿ' ಅಂತ ಟೈಪ್ ಮಾಡಿದೆ. ಅಷ್ಟಕ್ಕೇ ಬಿಡಲಿಲ್ಲ. ಇಷ್ಟು ಕೆಟ್ಟ ಸ್ಮಿಯರ್‌ಗೆ ಮೆಷಿನ್ ಇಷ್ಟು ಚೆಂದದ ನಂಬರ್ ಕೊಡುವುದು ಹೇಗೆ ಅಂತ ಅನುಮಾನ ಬಂದು, ಕ್ಯಾಪಿಲರಿ (ಸಣ್ಣ ಗಾಜಿನ ಕೊಳವೆ) ತುಂಬಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ನಾನೇ ಪಿಸಿವಿ ಅಳೆದೆ. 36 ಬಂತು. ಮೆಷಿನ್‌ನದು 41. ಐದು ಪಾಯಿಂಟ್ ವ್ಯತ್ಯಾಸ! ಸಿಕ್ಕಿಬಿದ್ದೆಯಾ ಅಂದುಕೊಂಡು ಲಾಗ್‌ಬುಕ್‌ನಲ್ಲಿ 'ಕ್ಯಾಲಿಬ್ರೇಷನ್ ಚೆಕ್ ಮಾಡಿಸಿ' ಅಂತ ಬರೆದೆ, ಅಡಿಗೆರೆ ಬೇರೆ ಎಳೆದೆ.

ಹತ್ತು ನಿಮಿಷಕ್ಕೆ ಡ್ಯೂಟಿ ಡಾಕ್ಟರ್ ಲ್ಯಾಬಿಗೇ ಇಳಿದು ಬಂದರು. ರಾತ್ರಿ ಹೊತ್ತು ಡಾಕ್ಟರ್ ಲ್ಯಾಬಿಗೆ ಬರುವುದು ಅಂದರೆ ಸಣ್ಣ ವಿಷಯವಲ್ಲ.

"ಪೇಶೆಂಟ್ ಆರಾಮಾಗಿದ್ದಾರೆ, ಯೂರಿನ್ ಚೆನ್ನಾಗಿ ಆಗ್ತಿದೆ. ಇದು ಗ್ಯಾರಂಟಿನಾ?"

"ಗ್ಯಾರಂಟಿ ಸರ್. ಪ್ರತಿ ಫೀಲ್ಡಲ್ಲೂ ಇದೆ. ಒಂದು ಕಣನೂ ಸರಿ ಇಲ್ಲ, ನೋಡಿ ಬೇಕಾದ್ರೆ."

ಅವರು ಬಗ್ಗಿ ನೋಡಿದರು. ಒಂದು ನಿಮಿಷ ಮಾತಿಲ್ಲ, ಫೋಕಸ್ ತಿರುಗಿಸುವ ಸದ್ದು ಅಷ್ಟೇ. ಆ ಒಂದು ನಿಮಿಷದಲ್ಲಿ ಟ್ಯೂಬ್ ನನ್ನ ಎಡಗೈಯಿಂದ ಒಂದು ಗೇಣು ದೂರದಲ್ಲಿ ರ‍್ಯಾಕ್‌ನಲ್ಲಿತ್ತು. ಕತ್ತು ತಿರುಗಿಸಿದ್ದರೆ ಸಾಕಿತ್ತು. ತಿರುಗಿಸಲಿಲ್ಲ. ಅವರು ಎದ್ದು "ಸರಿ, ಕ್ರಿಯಾಟಿನಿನ್ ಕಳಿಸ್ತೀನಿ, ಬೆಳಿಗ್ಗೆ ನೆಫ್ರೋಗೂ ಹೇಳ್ತೀನಿ" ಅಂದರು. ಕಾರಿಡಾರ್‌ನಲ್ಲಿ ಪೇಶೆಂಟ್ ಮಗ ಕಾಯುತ್ತಿದ್ದ. ಡಾಕ್ಟರ್ ಫೋನಿನಲ್ಲಿ 'ಕಿಡ್ನಿ' ಅಂದದ್ದು ಅವನ ಕಿವಿಗೆ ಬಿತ್ತು. ಬೆಳಗಿನ ತನಕ ಆ ಹುಡುಗ ಕೂತಲ್ಲಿ ಕೂರಲಿಲ್ಲ.

ಕ್ರಿಯಾಟಿನಿನ್ 0.9 ಬಂತು. ಯೂರಿಯಾ ಕೂಡ ನಾರ್ಮಲ್. ಕಿಡ್ನಿಗೆ ಏನೂ ಆಗಿರಲಿಲ್ಲ.

ಆಗಲಾದರೂ ಬುದ್ಧಿ ಬರಬೇಕಿತ್ತು, ಅಲ್ವಾ? ಬಯೋಕೆಮಿಸ್ಟ್ರಿಯವರೇ ಎಡವಟ್ಟು ಮಾಡಿರಬೇಕು ಅಂದುಕೊಂಡೆ.

ಎಂಟು ಗಂಟೆಗೆ ಪೆಥಾಲಜಿ ಮೇಡಂ ಬಂದರು. ಸ್ಲೈಡ್ ಇಟ್ಟು ಐದು ಸೆಕೆಂಡ್ ನೋಡಿದರು, ಅಷ್ಟೇ.

"ಟ್ಯೂಬ್ ಎಲ್ಲಿ?"

ಕೊಟ್ಟೆ. ಮೂರು ಎಂಎಲ್ ಪರ್ಪಲ್ ಟ್ಯೂಬ್. ಒಳಗೆ ಬುಡದಲ್ಲಿ ಅರ್ಧ ಎಂಎಲ್ ಇದ್ದರೆ ಹೆಚ್ಚು. ಮೇಡಂ ಬೈಯಲಿಲ್ಲ. ರಿಕ್ವೆಸ್ಟ್ ಫಾರಂ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು.

ಆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ 5.4 ಮಿಲಿಗ್ರಾಂ ಇಡಿಟಿಎ ಒಣಗಿಸಿ ಇಟ್ಟಿರುತ್ತಾರೆ. ಗೆರೆ ತನಕ ರಕ್ತ ತುಂಬಿದರೆ ಎಂಎಲ್‌ಗೆ 1.8 ಮಿಲಿಗ್ರಾಂ, ಸರಿಯಾದ ಪ್ರಮಾಣ. ಅರ್ಧ ಎಂಎಲ್ ತುಂಬಿದರೆ? ಎಂಎಲ್‌ಗೆ 10.8. ಆರು ಪಟ್ಟು. ಇಡಿಟಿಎ ಕೂಡ ಒಂದು ಉಪ್ಪೇ. ಅದು ಕಣದ ಒಳಗೆ ನುಗ್ಗಲಾರದು, ಹೊರಗೆ ಪ್ಲಾಸ್ಮಾದಲ್ಲೇ ಉಳಿಯುತ್ತದೆ. ಹೊರಗೆ ಉಪ್ಪು ಜಾಸ್ತಿಯಾದರೆ ಒಳಗಿನ ನೀರು ಸುಮ್ನೆ ಇರುವುದಿಲ್ಲ, ಹೊರಗೆ ಹರಿಯುತ್ತದೆ. ಕೆಂಪು ಕಣದ ಪೊರೆಯಲ್ಲಿ ನೀರಿಗೆಂದೇ ಬಾಗಿಲುಗಳಿವೆ, ಆಕ್ವಾಪೊರಿನ್. ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆ ಅವರಿಗೆ ಇದು ಸಿಕ್ಕಿದ್ದೇ ಕೆಂಪು ಕಣದಲ್ಲಿ, ಅದೂ ರಕ್ತದ ಗುಂಪಿನ ಆರ್‌ಎಚ್ ಪ್ರೋಟೀನ್ ಬೆನ್ನು ಹತ್ತಿ ಹೋಗಿದ್ದಾಗ. 2003ರಲ್ಲಿ ನೊಬೆಲ್ ಬಂತು. ಅವರಿಗೆ ಹುಡುಕದೆ ಸಿಕ್ಕಿತು, ನನಗೆ ಕೈಯಲ್ಲಿ ಹಿಡಿದರೂ ಕಾಣಲಿಲ್ಲ.

ನೀರು ಹೋಯಿತು, ಕಣ ಕುಗ್ಗಿತು. ಆದರೆ ಪೊರೆಯ ಅಗಲ ಅಷ್ಟೇ ಇದೆ. ಒಳಗಿನ ಸರಕು ಕಮ್ಮಿಯಾದರೂ ಚೀಲ ದೊಡ್ಡದೇ. ಹೆಚ್ಚಾದ ಪೊರೆ ಎಲ್ಲಿಗೆ ಹೋಗಬೇಕು? ಮುಳ್ಳಾಗಿ ಹೊರಗೆ ಚಾಚಿಕೊಳ್ಳುತ್ತದೆ.

"ಹಾಗಾದ್ರೆ ಮೆಷಿನ್ ಯಾಕೆ ನಾರ್ಮಲ್ ತೋರಿಸ್ತು ಮೇಡಂ?" ಅಂದೆ. ನನ್ನ ಕೊನೆಯ ಆಸೆ ಅದು.

"ಮೆಷಿನ್ ರಕ್ತಾನ ಡೈಲ್ಯುಯೆಂಟ್‌ನಲ್ಲಿ ನೂರಾರು ಪಟ್ಟು ತೆಳು ಮಾಡುತ್ತೆ. ಅದು ಐಸೋಟಾನಿಕ್, ಉಪ್ಪು ರಕ್ತದಲ್ಲಿರೋವಷ್ಟೇ. ಕಳ್ಕೊಂಡ ನೀರೆಲ್ಲ ಅಲ್ಲಿ ವಾಪಸ್ ಬರುತ್ತೆ, ಕಣ ಉಬ್ಬಿ ಮೊದಲಿನ ಗಾತ್ರಕ್ಕೆ ಬರುತ್ತೆ. ನೀವು ಕ್ಯಾಪಿಲರಿಯಲ್ಲಿ ತಿರುಗಿಸಿದ್ದು ಕುಗ್ಗಿರೋ ಕಣಾನ."

ಆಮೇಲೆ 13.6ನ್ನು 36ರಿಂದ ಭಾಗಿಸಿ, ನೂರರಿಂದ ಗುಣಿಸಿ ನನ್ನ ಮುಂದೆ ತಳ್ಳಿದರು. ಎಂಸಿಎಚ್‌ಸಿ, ಅಂದರೆ ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಅನ್ನುವ ಲೆಕ್ಕ, 37.8. ಈ ನಂಬರ್ 36 ದಾಟಿತು ಅಂದರೆ ಯಾರೇ ಆದರೂ ನಿಂತು ಯೋಚಿಸಬೇಕು. ಸ್ಫೆರೋಸೈಟ್ (ಚೆಂಡಿನ ಹಾಗಾದ ಕಣ) ಇರಬೇಕು, ಇಲ್ಲವೇ ಕಣ ಮೈಯೊಳಗೇ ನೀರು ಕಳೆದುಕೊಳ್ಳುವ ಅಪರೂಪದ ಕಾಯಿಲೆ ಇರಬೇಕು, ಇಲ್ಲವೇ ನಮ್ಮದೇ ಎಡವಟ್ಟು. ನಾನು ಆ ಭಾಗಾಕಾರವನ್ನೇ ಮಾಡಿರಲಿಲ್ಲ. ಸರಿಯಾಗಿ ಹೇಳುತ್ತಿದ್ದ ಮೆಷಿನ್ ಮೇಲೆ ಲಾಗ್‌ಬುಕ್‌ನಲ್ಲಿ ದೂರು ಬರೆದಿದ್ದೆ.

ಇನ್ನೂ ಚುಚ್ಚುವ ಮಾತೊಂದಿದೆ. ನಾನು ಎದೆಯುಬ್ಬಿಸಿ ಹೇಳಿದ್ದೆನಲ್ಲ, 'ಪ್ರತಿ ಫೀಲ್ಡಲ್ಲೂ ಇದೆ, ಒಂದು ಕಣನೂ ಸರಿ ಇಲ್ಲ' ಅಂತ, ಅನುಮಾನ ಬರಬೇಕಾಗಿದ್ದೇ ಅಲ್ಲಿ. ಕಾಯಿಲೆಯಲ್ಲಿ ಸಾಮಾನ್ಯವಾಗಿ ಸರಿಯಾದ ಕಣಗಳ ನಡುವೆ ಮುಳ್ಳಿನವು ಸೇರಿಕೊಂಡಿರುತ್ತವೆ. ಎಲ್ಲವೂ ಒಟ್ಟಿಗೆ ಒಂದೇ ಥರ ಮುಳ್ಳಾದರೆ ಮೊದಲು ಟ್ಯೂಬ್ ನೋಡಬೇಕು, ಸ್ಯಾಂಪಲ್ ಎಷ್ಟು ಹೊತ್ತಿನದು ಕೇಳಬೇಕು, ಸ್ಲೈಡ್ ಒಣಗಿದ ರೀತಿ ನೋಡಬೇಕು. ಹಳೇ ರಕ್ತದಲ್ಲೂ ಕಣಕ್ಕೆ ಶಕ್ತಿ ಕೊಡುವ ಎಟಿಪಿ ಮುಗಿದು ಹೀಗೇ ಮುಳ್ಳೇಳುತ್ತದೆ.

ಹೊಸ ಸ್ಯಾಂಪಲ್ ತರಿಸಿದೆವು, ಗೆರೆ ತನಕ. ಅದೇ ಪೇಶೆಂಟ್, ಅದೇ ಸ್ಟೇನ್. ಕಣಗಳು ದುಂಡಗೆ, ನುಣ್ಣಗೆ, ಏನೂ ಆಗಿಲ್ಲದವರ ಹಾಗೆ ಕೂತಿದ್ದವು.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಆ ಹೊಸ ರಕ್ತದ ಒಂದು ಹನಿಯನ್ನು ನಾರ್ಮಲ್ ಸಲೈನ್‌ನಲ್ಲಿ ತೆಳು ಮಾಡಿ, ಕವರ್‌ಸ್ಲಿಪ್ ಮುಚ್ಚಿ, ಒಂದು ಅಂಚಿಗೆ 3 ಪರ್ಸೆಂಟ್ ಸಲೈನ್ ಬಿಟ್ಟು, ಎದುರು ಅಂಚಿಗೆ ಫಿಲ್ಟರ್ ಪೇಪರ್ ಹಿಡಿಯಲು ಹೇಳಿದರು. ಉಪ್ಪುನೀರು ಒಳಗೆ ಎಳೆದುಕೊಂಡಿತು. ಅದು ತಲುಪಿದ ಕಡೆಯಿಂದ ಕಣಗಳು ಒಂದೊಂದಾಗಿ ನಡುಗಿ, ಅಂಚು ನೆರಿಗೆ ಬಿದ್ದು, ಪುಟಪುಟನೆ ಮುಳ್ಳು ಎದ್ದವು. ಎಲ್ಲ ಸೆಕೆಂಡುಗಳಲ್ಲಿ. ಮತ್ತೆ ನಾರ್ಮಲ್ ಸಲೈನ್ ಹಾಯಿಸಿದೆವು. ಬಹುಪಾಲು ಮುಳ್ಳು ಒಳಗೆ ಸರಿದು ಬಿಲ್ಲೆಗಳು ಮರಳಿ ಬಂದವು. ಹನ್ನೊಂದು ವರ್ಷ ಸ್ಲೈಡ್ ನೋಡಿದ್ದೇನೆ, ಕಣ ಕುಗ್ಗುವುದನ್ನು ಕಣ್ಣಾರೆ ನೋಡಿದ್ದು ಅವತ್ತೇ. ಸ್ಟೇನ್ ಮಾಡಿದ ಸ್ಲೈಡ್‌ನಲ್ಲಿ ನಮಗೆ ಕಾಣುವುದು ಸತ್ತ ಮೇಲಿನ ಫೋಟೋ ಅಷ್ಟೇ.

ಮ್ಯಾನೇಜ್‌ಮೆಂಟ್ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. ತಪ್ಪು ನನ್ನದೇ, ಒಪ್ಪಿದೆ. ಆದರೆ ನಮ್ಮ ಲ್ಯಾಬಿನ ಸಾಫ್ಟ್‌ವೇರ್ ಎಲ್‌ಐಎಸ್‌ನಲ್ಲಿ ಸ್ಯಾಂಪಲ್ ರಿಜೆಕ್ಟ್ ಮಾಡಲು 'ಕ್ಲಾಟೆಡ್' ಇದೆ, 'ಲೇಬಲ್ ಇಲ್ಲ' ಇದೆ, 'ರಕ್ತ ಕಮ್ಮಿ' ಇಲ್ಲ. ರಿಜೆಕ್ಟ್ ಮಾಡಿದರೂ ಟಿಎಟಿ (ರಿಪೋರ್ಟ್ ಕೊಡಲು ಹಿಡಿದ ಸಮಯ) ಗಡಿಯಾರ ನಿಲ್ಲುವುದಿಲ್ಲ, ಕೆಂಪಾಗಿ ಓಡುತ್ತಲೇ ಇರುತ್ತದೆ. ತಿಂಗಳ ಕೊನೆಗೆ ಆ ಕೆಂಪೆಲ್ಲ ನಮ್ಮ ಹೆಸರಿಗೆ. ಅರ್ಧ ಎಂಎಲ್ ಕಳಿಸಿದ ವಾರ್ಡಿಗೆ ಏನೂ ಇಲ್ಲ. ಸಿಸ್ಟರ್‌ನ ಕೇಳಿದರೆ ಅವರದೂ ಸರಿಯೇ: "ನರ ಸಿಗಲಿಲ್ಲ, ಮೂರು ಸಲ ಚುಚ್ಚಿದೀನಿ, ಇಷ್ಟೇ ಬಂದಿದ್ದು." ಅಂಥವರಿಗೆ ಪೀಡಿಯಾಟ್ರಿಕ್ ಟ್ಯೂಬ್ ಕೊಡಿ ಅಂತ ಇಂಡೆಂಟ್ ಹಾಕಿದ್ದೇನೆ. ಅದು ಯಾರ ಟೇಬಲ್ ಮೇಲೋ ಕೂತಿದೆ.

ಮುಂದಿನ ತಿಂಗಳು ಇನ್ನೊಂದು ರಾತ್ರಿ ಮತ್ತೆ ಮುಳ್ಳು ಕಾಣಿಸಿತು. ಈ ಸಲ ಟ್ಯೂಬ್ ಲೈಟಿಗೆ ಹಿಡಿದೆ, ಗೆರೆ ತನಕ ಇತ್ತು. ಸ್ಯಾಂಪಲ್ ತೆಗೆದು ಇಪ್ಪತ್ತೇ ನಿಮಿಷ. ಮೂರರಲ್ಲಿ ಒಂದು ಕಣಕ್ಕೆ ಮುಳ್ಳು, ಉಳಿದವು ನುಣ್ಣಗೆ. ಆದರೂ ಕೈ ಬರಲಿಲ್ಲ. ಎರಡನೇ ಸ್ಮಿಯರ್ ಎಳೆದೆ, ಮೂರನೆಯದೂ ಎಳೆದೆ. ನಲವತ್ತು ನಿಮಿಷ ಹಾಗೇ ಕಳೆದೆ. ಅಷ್ಟರಲ್ಲಿ ಕ್ರಿಯಾಟಿನಿನ್ 8.4 ಅಂತ ಪಕ್ಕದ ಟೇಬಲ್‌ನವರೇ ಹೇಳಿದರು. ಫೋನ್ ಮಾಡಿದೆ. ಆ ಕಡೆ ಅದೇ ಡ್ಯೂಟಿ ಡಾಕ್ಟರ್.

"ಸರ್, ಬರ್ ಸೆಲ್ಸ್ ಇವೆ" ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಟ್ಯೂಬ್ ನೋಡಿದ್ರಾ?"