ಎಲ್ಲಾ ಸೂಪರ್ ಅಂದ್ರು, ನಾಲ್ಕು ಸ್ಟಾರ್ ಒತ್ತಿ ಹೋದ್ರು

"ಅಮೇಜಿಂಗ್ ಸ್ಟೇ. ಆಂಟಿ ಅಡುಗೆ ತಿಂದು ನಮ್ಮಜ್ಜಿ ನೆನಪಾದ್ರು. ಮತ್ತೆ ಖಂಡಿತಾ ಬರ್ತೀವಿ." ಇಷ್ಟು ಬರೆದು ಕೆಳಗೆ ನಾಲ್ಕು ಸ್ಟಾರ್. ಐದಲ್ಲ, ನಾಲ್ಕು.

ಸಕಲೇಶಪುರದ ಹತ್ರ ನಮ್ಮ ಚಿಕ್ಕಪ್ಪ ಚಿಕ್ಕಮ್ಮ ತೋಟದ ಮನೇಲಿ ಮೂರು ರೂಮು ಹೋಂಸ್ಟೇಗೆ ಬಿಟ್ಟಿದಾರೆ. ಕಾಫಿ ರೇಟು ನೆಲ ಕಚ್ಚಿದ್ದಾಗ ಶುರು ಮಾಡಿದ್ದು, ಈಗ ರೇಟು ಏರಿದ್ರೂ ಬಿಡೋಕಾಗ್ತಿಲ್ಲ, ಯಾಕಂದ್ರೆ ಕಾಫಿ ದುಡ್ಡು ವರ್ಷಕ್ಕೊಂದ್ಸಲ ಬರತ್ತೆ, ಇದು ವಾರ ವಾರ ಬರತ್ತೆ. ಅಡುಗೆ, ಹಾಸಿಗೆ, ಹಂಡೆ ನೀರು ಎಲ್ಲಾ ಅವ್ರದ್ದು, ಆಪ್‌ನಲ್ಲಿ ಮೆಸೇಜ್‌ಗೆ ಉತ್ತರ ಕೊಡೋದು, ಕ್ಯಾಲೆಂಡರ್ ನೋಡ್ಕೊಳೋದು ಬೆಂಗಳೂರಲ್ಲಿ ಕೂತಿರೋ ನನ್ನ ಕೆಲ್ಸ. ಅಲ್ಲಿ ನೆಟ್‌ವರ್ಕ್ ಸಿಗ್ಬೇಕು ಅಂದ್ರೆ ಕಾಫಿ ಕಣದ ಮೂಲೆಗೇ ಹೋಗಿ ನಿಲ್ಬೇಕು, ಮಳೆಗಾಲದಲ್ಲಿ ಅಲ್ಲೂ ಸಿಕ್ರೆ ಸಿಕ್ತು.

ಸೋಮವಾರ ಆ ಮೂಲೆಯಿಂದಾನೇ ಚಿಕ್ಕಮ್ಮನ ಫೋನು. ಹಲೋ ಕೂಡ ಇಲ್ಲ. "ನಾಲ್ಕೇ ಕೊಟ್ಟವ್ರಲ್ಲೋ. ಏನ್ ಕಮ್ಮಿ ಆಯ್ತಂತೆ?"

ನಂಗೇನು ಗೊತ್ತು. ಆ ಫ್ಯಾಮಿಲಿ ಬಂದ ಶನಿವಾರ ಹೊಡೆದ ಮಳೆಗೆ ಕೊನೇ ಎರಡು ಕಿಲೋಮೀಟರ್ ಮಣ್ಣು ರಸ್ತೆ ಗದ್ದೆ ಆಗಿತ್ತು, ಕಾರು ಹೂತ್ಕೊಂಡ್ತು, ಚಿಕ್ಕಪ್ಪ ಕೊಡೆ ಬಿಸಾಕಿ ತೋಟದ ಆಳುಗಳ ಜೊತೆ ಟೈರ್ ಕೆಳಗೆ ಕಲ್ಲು, ಗೋಣಿಚೀಲ ಹಾಕಿ ತಳ್ಳಿದ್ದು, ಟೈರ್ ತಿರುಗಿ ಪಂಚೆಯಿಂದ ಕನ್ನಡಕದವರೆಗೂ ಕೆಸರು. ಒಳಗಿದ್ದೋರು ಗ್ಲಾಸ್ ಇಳಿಸಿ "ಥ್ಯಾಂಕ್ಯೂ ಅಂಕಲ್" ಅಂದ್ರಂತೆ. ರಾತ್ರಿ ಕಡುಬು, ನಾಟಿಕೋಳಿ ಸಾರು, ಎಳೆ ಬಿದಿರಿನ ಕಳಲೆ ಪಲ್ಯ. ಹೊರಡುವಾಗ ಅವ್ರ ಹೆಂಡ್ತಿ ಉಪ್ಪಿನಕಾಯಿ ತುಂಬಾ ಚೆನ್ನಾಗಿದೆ ಅಂದಿದ್ದಕ್ಕೆ ಚಿಕ್ಕಮ್ಮ ಹಾರ್ಲಿಕ್ಸ್ ಬಾಟ್ಲಿ ತುಂಬಾ ಹಾಕಿ, ಎಣ್ಣೆ ಸೋರ್ಬಾರ್ದು ಅಂತ ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿ, ಜೊತೆಗೆ ಒಂದು ಪೊಟ್ಟಣ ಕಾಳುಮೆಣಸು ಕೊಟ್ಟು ಕಳಿಸಿದಾರೆ. ದುಡ್ಡು ತಗೊಂಡಿಲ್ಲ, ತಗೊಳ್ಳೋರೂ ಅಲ್ಲ.

ತಡೀಲಾರ್ದೆ ಆ ಮನುಷ್ಯನಿಗೆ ವಾಟ್ಸಾಪ್ ಮಾಡ್ದೆ, ಸರ್ ಏನಾದ್ರೂ ತೊಂದ್ರೆ ಆಯ್ತಾ, ಹೇಳಿದ್ರೆ ಸರಿ ಮಾಡ್ಕೋತೀವಿ ಅಂತ. ಐದೇ ನಿಮಿಷಕ್ಕೆ ವಾಯ್ಸ್ ಮೆಸೇಜು. "ಅಯ್ಯೋ ಏನೂ ಇಲ್ಲ ಬ್ರದರ್, ಎಲ್ಲಾ ಸೂಪರ್. ನಾಲ್ಕು ಅಂದ್ರೆ ಚೆನ್ನಾಗಿದೆ ಅಂತಾನೇ ಅಲ್ವಾ? ಐದು ನಾನು ಯಾರಿಗೂ ಕೊಡಲ್ಲ, ಫೈವ್ ಸ್ಟಾರ್ ಹೋಟೆಲ್‌ಗೂ ನಾಲ್ಕೇ ಕೊಟ್ಟಿರೋದು."

ಈ ವಾಯ್ಸ್ ಮೆಸೇಜ್ ಈ ವಾರದಲ್ಲಿ ಎಷ್ಟು ಸಲ ಕೇಳಿದೀನೋ. ಒಂದ್ಸಲ ನಗು ಬರತ್ತೆ, ಇನ್ನೊಂದ್ಸಲ ಮೈ ಉರಿಯತ್ತೆ. ಫೈವ್ ಸ್ಟಾರ್ ಹೋಟೆಲ್‌ಗೂ ನಾಲ್ಕೇ ಅಂತೆ, ಅದರಲ್ಲೊಂದು ಹೆಮ್ಮೆ ಬೇರೆ. ಆ ಹೋಟೆಲ್‌ಗೆ ಸಾವಿರಾರು ರಿವ್ಯೂ ಸ್ವಾಮಿ, ನಿಮ್ಮ ನಾಲ್ಕು ಅಲ್ಲಿ ಕಾಣಿಸೋದೂ ಇಲ್ಲ. ಮೂರು ರೂಮಿನ ಮನೆಗೆ ಕಾಣಿಸತ್ತೆ.

ಹೆಂಗೆ ಅಂದ್ರೆ, ಏರ್‌ಬಿಎನ್‌ಬಿ ಅನ್ನೋ ರೂಮ್ ಬುಕಿಂಗ್ ಆಪ್‌ನಲ್ಲಿ ಸೂಪರ್‌ಹೋಸ್ಟ್, ಅಂದ್ರೆ ಒಳ್ಳೆ ಮನೆಯವ್ರು ಅನ್ನೋ ಬ್ಯಾಡ್ಜ್, ಸಿಗ್ಬೇಕಂದ್ರೆ ಆವರೇಜ್ 4.8 ಇರ್ಬೇಕು, ಮೂರು ತಿಂಗಳಿಗೊಂದ್ಸಲ ಹಿಂದಿನ ಒಂದು ವರ್ಷದ ಲೆಕ್ಕ ತೆಗೆದು ನೋಡ್ತಾರೆ. ನಾವಿರೋದು ಬೇರೆ ಆಪು, ಆದ್ರೆ ಅಲ್ಲಿನ ಬ್ಯಾಡ್ಜಿಗೂ ಹೆಚ್ಚುಕಮ್ಮಿ ಇದೇ ಗೆರೆ. 4.8 ಅಂದ್ರೆ ಏನು ಅಂತ ಪೇಪರ್ ಮೇಲೆ ಹಾಕಿ ನೋಡಿ. ಒಬ್ರು ನಾಲ್ಕು ಕೊಟ್ರೆ, ಅದು ಸರಿಹೋಗಿ ಆವರೇಜ್ 4.8ಕ್ಕೆ ಬರೋಕೆ ನಾಲ್ಕು ಜನ ಐದು ಕೊಡ್ಬೇಕು. ಒಬ್ರು ಮೂರು ಕೊಟ್ರೆ ಒಂಬತ್ತು ಜನ. ಯಾರೋ ಕುಡಿದ ಮತ್ತಲ್ಲಿ ಒಂದು ಒತ್ತಿದ್ರೆ ಹತ್ತೊಂಬತ್ತು ಜನ! 20 ರಿವ್ಯೂ ಸೇರಿ 4.85 ಇರೋ ಮನೆಗೆ "ಎಲ್ಲಾ ಸೂಪರ್" ಅನ್ನೋ ಇಂಥ ಇಬ್ರು ಬಂದು ಹೋದ್ರೆ 4.77, ಗೆರೆಯಿಂದ ಕೆಳಗೆ. ಅದೂ ಬಂದೋರೆಲ್ಲ ರಿವ್ಯೂ ಬರಿಯಲ್ಲ, ಜುಲೈ ಆಗಸ್ಟಲ್ಲಂತೂ ಬರೋರೇ ಕಮ್ಮಿ, ಶಿರಾಡಿಘಾಟಿಲಿ ಗುಡ್ಡ ಕುಸಿತು ಅಂತ ಟೀವಿಲಿ ಬಂದ್ರೆ ಸಾಕು ಕ್ಯಾನ್ಸಲ್ ಮಾಡ್ತಾರೆ, ಬೆಂಗಳೂರಿಂದ ಬರೋರಿಗೆ ಘಾಟಿ ಶುರುವಾಗೋದೇ ಸಕಲೇಶಪುರ ದಾಟಿದ್ಮೇಲೆ ಅಂತ ಎಷ್ಟು ಹೇಳಿದ್ರೂ ಕೇಳಲ್ಲ. ಐದು ಕೊಡೋ ಆ ನಾಲ್ಕು ಜನರನ್ನ ಎಲ್ಲಿಂದ ತರೋದು.

ಆದ್ರೆ ಆ ಮನುಷ್ಯ ಕೆಟ್ಟೋರು ಅಂತ ನಂಗನ್ನಿಸ್ತಿಲ್ಲ, ಅದೇ ತಮಾಷೆ. ನಾವು ಬೆಳೆದ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿಲಿ 60 ಬಂದ್ರೆ ಫಸ್ಟ್ ಕ್ಲಾಸ್, 80 ಬಂದ್ರೆ ಬೀದಿಗೆಲ್ಲ ಪೇಡ. ಐದಕ್ಕೆ ನಾಲ್ಕು ಅಂದ್ರೆ 80 ತಾನೇ, ಅವ್ರು ಚಿಕ್ಕಮ್ಮಂಗೆ ಫಸ್ಟ್ ಕ್ಲಾಸ್ ಕೊಟ್ಟು ಖುಷಿಯಾಗಿ ಹೋಗಿದಾರೆ. ಪಾಸ್ ಮಾರ್ಕ್ಸ್ 96 ಅಂತ ಅವ್ರಿಗೆ ಯಾರೂ ಹೇಳಿಲ್ಲ. ಗೂಗಲ್‌ನಲ್ಲಿ 4.2 ಇರೋ ದೋಸೆ ಹೋಟ್ಲಿಗೆ ನಾವೇ ಕ್ಯೂ ನಿಲ್ತೀವಿ, 4.2 ಇರೋ ಹೋಂಸ್ಟೇ ಕಂಡ್ರೆ ಏನೋ ಗಲೀಜಿರ್ಬೇಕು ಅಂತ ಮುಂದಕ್ಕೆ ಹೋಗ್ತೀವಿ.

ಇನ್ನೊಂದು ವಿಷ್ಯ. ಒಟ್ಟು ಸ್ಟಾರ್ ಬೇರೆ, ಕ್ಲೀನಿಂಗು, ಚೆಕ್‌ಇನ್ನು, ಲೊಕೇಶನ್ನು ಅಂತ ಬಿಡಿ ಬಿಡಿ ಸ್ಟಾರ್ ಬೇರೆ. ಲೊಕೇಶನ್‌ಗೆ ಅವ್ರು ಕೊಟ್ಟಿರೋದು ಮೂರು. ಚಿಕ್ಕಪ್ಪ ಇದನ್ನ ಕೇಳಿ ಸಿಟ್ಟಾಗ್ಲಿಲ್ಲ, ಬಿದ್ದು ಬಿದ್ದು ನಕ್ರು. "ತೋಟ ಎತ್ಕೊಂಡೋಗಿ ಇಂದಿರಾನಗರದಲ್ಲಿ ಇಡನಾ?" ಅಂದ್ರು. ಚಿಕ್ಕಪ್ಪನಿಗೆ ಹಂಗೆ ನಗೋಕೆ ಬರತ್ತೆ, ಚಿಕ್ಕಮ್ಮಂಗೆ ಬರಲ್ಲ. ಅವ್ರ ತಲೇಲಿ ಈಗ್ಲೂ ಅದೇ, ಏನ್ ಕಮ್ಮಿ ಆಯ್ತಂತೆ. ಸಾರಿಗೆ ಖಾರ ಜಾಸ್ತಿ ಆಯ್ತಾ, ಹಂಡೆ ನೀರು ಹೊಗೆ ವಾಸನೆ ಬಂತಾ, ಮಗುಗೆ ಉಂಬಳ (ಜಿಗಣೆ) ಕಚ್ಚಿತ್ತಲ್ಲ ಅದಕ್ಕಾ.

ನಂಗೆ ನಿಜವಾಗ್ಲೂ ಬೇಜಾರಾಗೋದು ಇಲ್ಲಿ. ಈ ನಂಬರ್ ಬಂದ್ಮೇಲೆ ಆ ಮನೆ ಒಂದೊಂದೇ ಬದಲಾಗ್ತಿದೆ. ಯಾರೋ ಒಬ್ರು ಹೊಗೆ ವಾಸನೆ ಅಂದಿದ್ದಕ್ಕೆ ಗೀಸರ್ ಹಾಕಿಸ್ಬೇಕು ಅಂತಿದಾರೆ, ಕರೆಂಟೇ ಇರದ ಊರಿಗೆ ಗೀಸರ್, ಅದಕ್ಕೊಂದು ಜನರೇಟರ್. ನಾಯಿ ಮೂಸ್ತು ಅಂದಿದ್ದಕ್ಕೆ ಶುಕ್ರವಾರ ಸಂಜೆಯಿಂದ ನಾಯಿ ಕೊಟ್ಟಿಗೆ ಹಿಂದೆ ಕಟ್ಟು. ಕಳಲೆ ವಾಸನೆ ಆಗಲ್ಲ ಅಂತ ಒಬ್ರು ಬರೆದಿದ್ರು, ಈಗ ಕಳಲೆ ಜೊತೆ ಪನೀರ್ ಬಟರ್ ಮಸಾಲನೂ ಆಗತ್ತೆ, ನೋಡ್ತಿರಿ, ಇನ್ನೆರಡು ವರ್ಷಕ್ಕೆ ಕಳಲೆ ಇರಲ್ಲ ಪನೀರ್ ಇರತ್ತೆ. ಖುಷಿಪಟ್ಟ ಐವತ್ತು ಜನ ಏನೂ ಬದಲಾಯಿಸಲ್ಲ, ಗೊಣಗಿದ ಒಬ್ರು ಮನೆ ರಿಪೇರಿ ಮಾಡಿಸ್ತಾರೆ. ಕೊನೆಗೆ ಹೆದ್ದಾರಿ ಪಕ್ಕದ ಲಾಡ್ಜಿಗೂ ಇದಕ್ಕೂ ವ್ಯತ್ಯಾಸ ಹುಡುಕ್ಬೇಕಾಗತ್ತೆ.

ಮೊದ್ಲು ಬಂದೋರು ಕಾರ್ ಹತ್ತುವಾಗ ಚಿಕ್ಕಮ್ಮ "ಮಳೆ ಕಮ್ಮಿ ಆದ್ಮೇಲೆ ಮತ್ತೆ ಬನ್ನಿ" ಅಂತಿದ್ರು. ಈಗ "ಸರ್, ಐದು ಸ್ಟಾರ್ ಒತ್ತಿ ಸರ್" ಅಂತಾರೆ, ಅದೂ ನಾನೇ ಹೇಳ್ಕೊಟ್ಟಿದ್ದು, ಹಂಗೆ ಕೇಳುವಾಗ ಅವ್ರು ಸೆರಗು ಸರಿಮಾಡ್ಕೊಂಡು ಆ ಕಡೆ ನೋಡ್ತಾರೆ. ಕೇಳೋಕೆ ಸಂಕೋಚ, ಕೇಳ್ದಿದ್ರೆ ನಾಲ್ಕು.

ಇದನ್ನೇ ಅಸ್ತ್ರ ಮಾಡ್ಕೊಂಡೋರೂ ಇದಾರೆ. ರಾತ್ರಿ ಎರಡು ಗಂಟೆವರೆಗೆ ಸ್ಪೀಕರ್ ಹಾಕಿದ ಒಂದು ಹುಡುಗರ ಗ್ಯಾಂಗು, ಚಿಕ್ಕಪ್ಪ ಸಾಕು ಮಾಡ್ರಪ್ಪ ಅಂದಿದ್ದಕ್ಕೆ "ಅಂಕಲ್, ರಿವ್ಯೂ ನಮ್ ಕೈಲಿದೆ" ಅಂತ ನಕ್ಕಿತ್ತು. ನಾವೂ ಗೆಸ್ಟ್ ಬಗ್ಗೆ ಬರೀಬಹುದು, ಇಬ್ರದ್ದೂ ಒಟ್ಟಿಗೇ ಕಾಣೋದು, ಹೆದರ್ಕೋಬೇಕಾಗಿಲ್ಲ ಅಂತ ಹೇಳಿದ್ರೂ ಚಿಕ್ಕಮ್ಮ ಬರ್ಸಿದ್ದು "ಒಳ್ಳೆ ಹುಡುಗ್ರು" ಅಂತ. ಮನೆಗೆ ಬಂದು ಉಂಡೋರ ಬಗ್ಗೆ ಕೆಟ್ಟದ್ದು ಬರಿಯೋದಾ ಅಂತ ಅವ್ರ ವಾದ. ಉಂಡೋರಿಗೆ ಆ ತೊಂದ್ರೆ ಇಲ್ಲ.

ಈಗ ನಾನು ಹಿಡಿದಿರೋ ಹಠ ಏನಂದ್ರೆ, ಲಿಸ್ಟಿಂಗ್‌ನಲ್ಲಿ ಮೊದಲ್ನೇ ಸಾಲಲ್ಲೇ ಎಲ್ಲಾ ಬರೆದುಬಿಡೋದು: ಕೊನೇ ಎರಡು ಕಿಲೋಮೀಟರ್ ರಸ್ತೆ ಕೆಟ್ಟಿದೆ, ಉಂಬಳ ಇದೆ, ನೆಟ್‌ವರ್ಕ್ ಇಲ್ಲ, ನೀರು ಹಂಡೇದು, ನಾಯಿ ಬಿಟ್ಟಿರ್ತೀವಿ. ಬುಕಿಂಗ್ ಕಮ್ಮಿಯಾದ್ರೆ ಆಗ್ಲಿ, ಬರೋರು ತಿಳ್ಕೊಂಡು ಬರ್ತಾರೆ. ಚಿಕ್ಕಪ್ಪ ಸೈ ಅಂದಿದಾರೆ. ಚಿಕ್ಕಮ್ಮ ಮಾತ್ರ "ಉಂಬಳ ಅಂತ ಬರೆದ್ರೆ ಯಾವ್ ಮಹಾನುಭಾವ ಬರ್ತಾನೋ" ಅಂತ ಫೋನ್ ಇಟ್ರು, ಶನಿವಾರ ನಾನೇ ಹೋಗಿ ಆ ಕೆಸರು ರಸ್ತೆ ಫೋಟೋ ತೆಗಿಬೇಕು.