ಅಕ್ಷರ '7' ಮತ್ತು ಸಂಖ್ಯೆ 7

ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕ್ಯಾರೆಕ್ಟರ್ (ಒಂದು ಅಕ್ಷರ) ಎಂಬುದು ಮೂಲತಃ ಒಂದು ಪುಟ್ಟ ಪೂರ್ಣಾಂಕವೇ ಆಗಿರುವುದರಿಂದ, ಅದನ್ನು ಪೂರ್ಣಾಂಕವಾಗಿ ಪರಿವರ್ತಿಸುವುದು ಹೇಗೆಂದು ಕೇಳುವವರು ತಮಗೆ ಬೇಕಾದದ್ದು ಅಕ್ಷರದ ಸಂಕೇತವೋ ಅಂಕಿಯ ಬೆಲೆಯೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಸಂಕೇತ ಸಾಕೆಂದಾದರೆ ಮಾಡಬೇಕಾದದ್ದು ಏನೂ ಇಲ್ಲ. '7' ಅನ್ನು ನೇರವಾಗಿ ಇಂಟ್ (ಪೂರ್ಣಾಂಕ) ಚರಾಂಶಕ್ಕೆ ಕೊಟ್ಟರೆ, ಅಕ್ಷರಗಳಿಗೆ ಸಂಖ್ಯೆ ಗೊತ್ತುಮಾಡುವ ಆಸ್ಕಿ ಸಂಕೇತಪಟ್ಟಿಯಲ್ಲಿ 55 ದೊರೆಯುತ್ತದೆ. ಬೆಲೆ ಬೇಕಿದ್ದರೆ ಸೊನ್ನೆಯ ಸಂಕೇತವನ್ನು ಕಳೆಯಬೇಕು: '7' - '0'.

ಇಲ್ಲಿ '0' ಬದಲು 48 ಎಂದು ಬರೆಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಹತ್ತು ಅಂಕಿಗಳ ಸಂಕೇತಗಳು ಒಂದರ ಪಕ್ಕ ಒಂದು ಇರುತ್ತವೆಂದು ಸಿ ಮಾನಕವೇ ಭರವಸೆ ಕೊಡುತ್ತದೆ, ಆದರೆ ಅವು 48ರಿಂದಲೇ ಆರಂಭವಾಗುತ್ತವೆಂದು ಹೇಳುವುದಿಲ್ಲ. ಐಬಿಎಂ ಮೇನ್‌ಫ್ರೇಮ್‌ಗಳ ಎಬ್ಸಿಡಿಕ್ ಎಂಬ ಬೇರೊಂದು ಸಂಕೇತಪಟ್ಟಿಯಲ್ಲಿ ಸೊನ್ನೆಯ ಸಂಕೇತ 240. ಇಂಗ್ಲಿಷ್ ವರ್ಣಮಾಲೆಗೆ ಈ ಭರವಸೆಯೂ ಇಲ್ಲ, ಏಕೆಂದರೆ ಎಬ್ಸಿಡಿಕ್‌ನಲ್ಲಿ ಒಂಬತ್ತನೆಯ ಅಕ್ಷರದ ಸಂಕೇತ 201 ಆಗಿದ್ದರೆ ಹತ್ತನೆಯದು 209ಕ್ಕೆ ಜಿಗಿಯುತ್ತದೆ.

ಹಲವು ಅಂಕಿಗಳ ಸ್ಟ್ರಿಂಗ್ (ಅಕ್ಷರಗಳ ಸಾಲು) ಆದರೆ, ಈವರೆಗಿನ ಮೊತ್ತವನ್ನು 10ರಿಂದ ಗುಣಿಸಿ ಹೊಸ ಅಂಕಿಯನ್ನು ಕೂಡಿಸುತ್ತ ಹೋಗಬೇಕು. 32 ಬಿಟ್‌ಗಳ ಇಂಟ್ 2147483647 ಅನ್ನು ಮೀರಲಾರದು. ಮೀರಿದಾಗ ಏನಾಗುತ್ತದೆಂಬುದನ್ನು ಭಾಷೆ ನಿರ್ಧರಿಸಿಯೇ ಇಲ್ಲವಾದ್ದರಿಂದ ಮಿತಿ ಮೀರುವುದೇ ಎಂಬ ಪರೀಕ್ಷೆ ಗುಣಾಕಾರಕ್ಕೆ ಮೊದಲೇ ನಡೆಯಬೇಕು. ಸ್ಟ್ರಿಂಗನ್ನು ಪೂರ್ಣಾಂಕ ಮಾಡಿಕೊಡುವ ಸಿ ಭಾಷೆಯ ಎಟಾಯ್ (atoi) ಫಂಕ್ಷನ್ ಈ ಎಚ್ಚರಿಕೆಯನ್ನು ವಹಿಸುವುದಿಲ್ಲ. ಅಷ್ಟೇ ಅಲ್ಲ, ಅಂಕಿಯೇ ಇಲ್ಲದ ಸ್ಟ್ರಿಂಗಿಗೂ "0"ಗೂ ಅದು ಒಂದೇ ಉತ್ತರ ಕೊಡುತ್ತದೆ. ಎಲ್ಲಿಯವರೆಗೆ ಓದಿತೆಂಬುದನ್ನೂ ಮಿತಿ ಮೀರಿತೇ ಎಂಬುದನ್ನೂ ತಿಳಿಸುವ ಸ್ಟ್ರ್‌ಟಾಲ್ (strtol) ಫಂಕ್ಷನ್ ಇರುವಾಗ, ಬಳಕೆದಾರರು ಟೈಪ್ ಮಾಡಿದ ಪಠ್ಯಕ್ಕೆ ಎಟಾಯ್ ಬಳಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಕನ್ನಡದ ಅಂಕಿಗಳಿಗೂ ಇದೇ ಲೆಕ್ಕ ಹೊಂದುತ್ತದೆ. ಯೂನಿಕೋಡ್‌ನಲ್ಲಿ ೦ಯ ಸಂಕೇತ 3302, ೭ರದ್ದು 3309. ಕಳೆದರೆ ಉಳಿಯುವುದು 7. ಆದರೆ ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಇಂತಹ ಪ್ರತಿಯೊಂದು ಅಂಕಿಯೂ ಮೂರು ಬೈಟ್‌ಗಳನ್ನು ಆಕ್ರಮಿಸುವುದರಿಂದ ಸಿ ಭಾಷೆಯ ಒಂದು ಕ್ಯಾರೆಕ್ಟರ್‌ನಲ್ಲಿ ಅದು ಹಿಡಿಸುವುದಿಲ್ಲ, ಮೊದಲು ಆ ಬೈಟ್‌ಗಳನ್ನು ಸಂಕೇತವಾಗಿ ಡಿಕೋಡ್ ಮಾಡಲೇಬೇಕು. ಪೈಥಾನ್ 3ರ ಇಂಟ್ ಫಂಕ್ಷನ್ "೪೨" ಅನ್ನು ಯಾವ ತಕರಾರೂ ಇಲ್ಲದೆ 42 ಮಾಡಿಕೊಡುತ್ತದೆ, ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್ ಮಾತ್ರ ಇದು ಸಂಖ್ಯೆಯೇ ಅಲ್ಲವೆನ್ನುತ್ತದೆ. ಪೈಥಾನ್‌ನಲ್ಲೂ ಒಂದು ತೊಡಕಿದೆ: ಘಾತಸೂಚಕ "²" ಅಂಕಿಯೇ ಎಂದು ನೋಡುವ ಇಸ್‌ಡಿಜಿಟ್ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಇಂಟ್‌ಗೆ ಕೊಟ್ಟಾಗ ವ್ಯಾಲ್ಯೂಎರರ್ ಬರುತ್ತದೆ, ಆದ್ದರಿಂದ ಪರಿವರ್ತನೆಗೆ ಮುನ್ನ ಪರೀಕ್ಷಿಸುವುದಾದರೆ ದಶಮಾನ ಅಂಕಿಗಳನ್ನು ಮಾತ್ರ ಒಪ್ಪುವ ಇಸ್‌ಡೆಸಿಮಲ್ ಬಳಸಬೇಕು.