ಬ್ಯಾಳಿ, ಬೇಲಿ, ಮತ್ತೊಂದು ಕಟ್ಟಿದ ನುಡಿ

ಧಾರವಾಡ, ರವಿವಾರ, 14 ಜುಲೈ 2024

ಕಟ್ಟಿದ ನುಡಿ ಅಂದರೆ ಕೂತು ಹೆಣೆದ ಕಲ್ಪಿತ ಭಾಷೆ. ಅದರಿಂದ ಮಗಳು ನುಡಿಯೊಂದನ್ನು, ಅಂದರೆ ಕಾಲ ಕಳೆದಂತೆ ಅದೇ ಬದಲಾಗಿ ಆಗುವ ನುಡಿಯನ್ನು, ಹುಟ್ಟಿಸುವ ಕೆಲಸ ಇವತ್ತು ಧ್ವನಿನಿಯಮಗಳಿಗೆ, ಯಾವ ಧ್ವನಿ ಎಲ್ಲಿ ಏನಾಗುತ್ತದೆ ಎಂಬ ನಿಯಮಗಳಿಗೆ, ಬಂದು ಮುಟ್ಟಿತು. ನಿಯಮ ಬರೆಯುವುದೇನು, ಯಾರಾದರೂ ಬರೆದಾರು. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬುದರಲ್ಲೇ ಎಲ್ಲ ಇದೆ.

ಮಾದರಿಗೆ ದೂರ ಹೋಗಬೇಕಿಲ್ಲ, ಇಲ್ಲಿಯ ಮಾತೇ ಸಾಕು. ಧಾರವಾಡದಲ್ಲಿ ಬೇಳೆ ಬ್ಯಾಳಿ ಆಗಿದೆ, ಪೇಟೆ ಪ್ಯಾಟಿ ಆಗಿದೆ. ಬೇಲಿ ಮಾತ್ರ ಬೇಲಿಯೇ, ತೇರು ತೇರೇ. ಮುಂದಿನ ಅಕ್ಷರದಲ್ಲಿ ಇ, ಉ ಇದ್ದರೆ ಏಕಾರ ಅಲುಗುವುದಿಲ್ಲ. ಅ, ಎ ಇದ್ದರೆ ‘ಯಾ’ ಆಗುತ್ತದೆ. ಪದದ ಕೊನೆಯ ಎಕಾರ ಇಕಾರವಾಗುವುದು ಬೇರೆಯೇ ನಿಯಮ: ಮನೆ, ಮನಿ. ಈ ಎರಡನೆಯದು ಮೊದಲು ನಡೆದಿದ್ದರೆ ಬೇಳೆ ‘ಬೇಳಿ’ಯಾಗಿ ಬೇಲಿಯ ಪಕ್ಕಕ್ಕೇ ನಿಂತುಬಿಡುತ್ತಿತ್ತು. ಬ್ಯಾಳಿ ಅನ್ನುವ ರೂಪವೇ ಸರದಿಗೆ ಸಾಕ್ಷಿ.

ಈಗ ಕಟ್ಟಿದ ನುಡಿ. ಮೂಲದಲ್ಲಿ ‘ತೋಕ’ ಅಂದರೆ ಗುಡ್ಡ, ಬಹುವಚನ ‘ತೋಕಿ’. ‘ತೋಕ್ಕ’ ಅಂದರೆ ಬುಟ್ಟಿ. ಇ, ಎ ಮುಂದಿರುವ ಕಕಾರ ಮೊದಲು ಚಕಾರವಾಗುತ್ತದೆ. ಆಮೇಲೆ ಸ್ವರಗಳ ನಡುವಿನ ಒಂಟಿ ಕ, ಚ, ತ, ಪ ಕ್ರಮವಾಗಿ ಗ, ಜ, ದ, ಬ ಆಗುತ್ತವೆ. ಮೂರನೆಯದಾಗಿ ದ್ವಿತ್ವ, ಅಂದರೆ ‘ಕ್ಕ’ದಂಥ ಜೋಡಿ ವ್ಯಂಜನ, ಒಂಟಿಯಾಗುತ್ತದೆ. ಕೊನೆಗೆ ಪದಾಂತ್ಯದ ಹ್ರಸ್ವಸ್ವರ ಬೀಳುತ್ತದೆ. ಗುಡ್ಡ ತೋಗ್, ಗುಡ್ಡಗಳು ತೋಜ್, ಬುಟ್ಟಿ ತೋಕ್. ಪ್ರತ್ಯಯ ಅಳಿದುಹೋಗಿ ಬಹುವಚನವೆಲ್ಲ ಕೊನೆಯ ವ್ಯಂಜನದ ಮೇಲೆ ಕೂತಿತು. ಇದು ಬೇಕೆಂದು ಕೂತು ಬರೆದರೆ ಇಷ್ಟು ಸಹಜವಾಗಿ ಬರುವುದಿಲ್ಲ.

ಸರದಿ ಕದಲಿಸಿ ನೋಡಿ. ದ್ವಿತ್ವ ಮೊದಲೇ ಒಂಟಿಯಾದರೆ ಬುಟ್ಟಿಯೂ ತೋಗ್, ಗುಡ್ಡವೂ ತೋಗ್. ಸ್ವರ ಎಲ್ಲಕ್ಕಿಂತ ಮೊದಲು ಬಿದ್ದರೆ ಮೂರೂ ತೋಕ್. ಏಕವಚನ, ಬಹುವಚನದ ಗುರುತೇ ಇಲ್ಲ.

ಹಾಳೆಯಲ್ಲಿ ಆರು ಕಾಲಂ: ಅರ್ಥ, ಮೂಲರೂಪ, ನಿಯಮಕ್ಕೊಂದರಂತೆ ನಾಲ್ಕು. ಪರೀಕ್ಷೆಗೆ ನಲವತ್ತು ಪದ ಸಾಕು. ಒಂದೇ ಧ್ವನಿಯಲ್ಲಿ ಬೇರೆಯಾಗುವ ಜೋಡಿಗಳು ಅದರಲ್ಲಿರಲಿ. ಪ್ರತ್ಯಯ ಹತ್ತಿದ ಇಡೀ ಪದವನ್ನೇ ಅಡ್ಡಸಾಲಿನಲ್ಲಿ ಓಡಿಸಬೇಕು. ಬರಿಯ ಧಾತುವನ್ನು ಬದಲಿಸಿ ಆಮೇಲೆ ಪ್ರತ್ಯಯ ಅಂಟಿಸಿದರೆ ಹುಟ್ಟುವುದು ಮಗಳಲ್ಲ, ಅಕ್ಷರ ಬದಲಿಸಿದ ಗುಪ್ತಲಿಪಿ. ಹೊಸಬರ ಬಹುಪಾಲು ನುಡಿಗಳು ಕೆಡುವುದು ಇಲ್ಲೇ.

ನಿಯಮಕ್ಕೆ ಸ್ವಲ್ಪ ಬಿಗಿಯಾದ ಷರತ್ತು ಇದ್ದರೆ ಚಂದ. ಕನ್ನಡದ ಕಿವಿ ತಮಿಳಿನಲ್ಲಿ ಚೆವಿ. ಆದರೆ ಮುಂದೆ ಟ, ಣ, ಳದಂಥ ಮೂರ್ಧನ್ಯ ವ್ಯಂಜನ ಬಂದಲ್ಲಿ ತಮಿಳು ಕಕಾರವನ್ನು ಬಿಟ್ಟುಕೊಟ್ಟಿಲ್ಲ: ಕೇಳ್, ಕಿಳಿ. ಹಳಗನ್ನಡದ ಪಾಲ್, ಪುಲಿ ಇಂದು ಹಾಲು, ಹುಲಿ; ಉಪ್ಪು, ತುಪ್ಪದ ದ್ವಿತ್ವ ಪಕಾರಕ್ಕೆ ಏನೂ ಆಗಲಿಲ್ಲ. ಪುಸ್ತಕ, ಪ್ರೀತಿಯಂಥ ಸಂಸ್ಕೃತ ಪದಗಳು ಪಕಾರವನ್ನು ಉಳಿಸಿಕೊಂಡಿವೆ. ಕಟ್ಟಿದ ನುಡಿಯಲ್ಲೂ ನಿಯಮ ಮುಗಿದ ಮೇಲೆ ನೆರೆನುಡಿಯಿಂದ ಹತ್ತು ಪದ ತಂದು ಬಿಡಬೇಕು. ಅವಕ್ಕೆ ನಿಯಮ ತಾಗಿಸಬಾರದು.

ಅಪವಾದ ಬೇಕೆನಿಸಿದರೆ ನಿಯಮವನ್ನು ಮುರಿಯದೆ ಸಾದೃಶ್ಯದಿಂದ, ಅಂದರೆ ಬೇರೆ ಪದಗಳ ಮಾದರಿ ನೋಡಿ, ತರುವುದು ಮೇಲು. ದಿನಬಳಕೆಯ ತೋಜ್ ಉಳಿಯಲಿ. ‘ನುಕ’ ಅಂದರೆ ಕವಡೆ, ಅಪರೂಪದ ಪದ, ಈಗ ನುಗ್. ಅದರ ಬಹುವಚನ ನುಜ್ ಯಾರಿಗೂ ನೆನಪಿರದು. ಇನ್ನೊಂದು ಗುಂಪಿನ ಪದಗಳಲ್ಲಿ ದೀರ್ಘಸ್ವರದ ‘ರಾ’ ಎಂಬ ಬಹುವಚನ ಪ್ರತ್ಯಯ ಬೀಳದೆ ಉಳಿದಿದೆ, ಮಾತಾಡುವವರು ಅದನ್ನೇ ಹಚ್ಚುತ್ತಾರೆ: ನುಗ್ರಾ.